ರದ್ದು ಬಟನ್ನಿನ ಡೈಲಾಗು

"ಒತ್ತೇಬಿಡ್ತೀನಿ ಕಣೋ," ಎಂದು ಡಾಕ್ಟರ್ ತೂ ಹೊಸ ಪುಟ ಬಿಡುಗಡೆ ಮಾಡಲು ಮೌಸ್ ಹಿಡಿದಾಗ ಯೆನ್‌ಹುಂಗನ ಎದೆ ಧಸಕ್ಕೆಂದಿತು. ತಾವ್‌ಯುವಾನ್ ಊರಿನ ಈ ಹಲ್ಲಿನ ಆಸ್ಪತ್ರೆಯ ವೆಬ್‌ಸೈಟಿಗೆ ಇಂಡೋನೇಷ್ಯನ್ ಭಾಷೆ ಸೇರಿಸುವುದು ಅವನಿಗೆ ಸಿಕ್ಕ ಮೊದಲ ಕೆಲಸ. ಕೊನೆಯದೂ ಇದೇ ಆಗುವ ಹಾಗಿತ್ತು. ಅಪಾಯಿಂಟ್‌ಮೆಂಟ್ ಬುಕ್ ಮಾಡುವ ಪ್ಲಗಿನ್‌ನಲ್ಲಿ ಅನುವಾದದ ಪದಗಳು ಕೂರುವ ಜಾಗಗಳು ಸರಿಯಾಗಿವೆಯೋ ಎಂದು ಪರೀಕ್ಷಿಸಲು ಮೊನ್ನೆ ಅಲ್ಲೆಲ್ಲ ಚೀನೀ ಭಾಷೆಯಲ್ಲಿ ಸಿನಿಮಾ ಡೈಲಾಗು ತುರುಕಿದ್ದ. 'ರದ್ದು ಮಾಡಿ' ಬಟನ್ನಿನ ಮೇಲಂತೂ, 'ಹೋಗೇ ಕಲ್ಲು ಹೃದಯದವಳೇ, ಈ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ!' ಅಳಿಸಲು ಮರೆತದ್ದು ಈಗ ನೆನಪಾಯಿತು.

"ಡಾಕ್ಟ್ರೇ, ಒಂದ್ನಿಮಿಷ..."

"ಸುಮ್ನಿರೋ, ಒಳ್ಳೇ ಗಳಿಗೆ ಮೀರೋಗುತ್ತೆ." ಕಂಪ್ಯೂಟರು ತಂಟೆ ಮಾಡದಿರಲೆಂದು ಅಲ್ಲಿನವರ ನಂಬಿಕೆಯಂತೆ ಅದರ ನೆತ್ತಿಯ ಮೇಲಿಟ್ಟಿದ್ದ ಕ್ವಾಯ್‌ಕ್ವಾಯ್ ತಿಂಡಿಯ ಹಸಿರು ಪೊಟ್ಟಣವನ್ನು ಡಾಕ್ಟರು ನೆಟ್ಟಗೆ ಮಾಡಿ, ಕೈಮುಗಿದು, ಒತ್ತಿಯೇಬಿಟ್ಟರು. ಯೆನ್‌ಹುಂಗ್ ಕಣ್ಣು ಮುಚ್ಚಿದ.

"ವುಲಾನ್, ಈ ಬಟನ್ ಓದಮ್ಮಾ," ಎಂದರು ಡಾಕ್ಟರು, ತಮ್ಮ ತಾಯಿಯನ್ನು ನೋಡಿಕೊಳ್ಳುವ ಇಂಡೋನೇಷ್ಯಾದ ಹುಡುಗಿಗೆ.

"ರದ್ದು ಮಾಡಿ ಅಂತಿದೆ. ಸರಿಯಾಗೇ ಇದೆ, ಡಾಕ್ಟ್ರೇ."

ಅವನು ಒಂದು ಕಣ್ಣು ತೆರೆದ. ಪರದೆಯ ಮೇಲೆ ಚೀನಿಯ ಒಂದಕ್ಷರವೂ ಇರಲಿಲ್ಲ. "ಭೇಷ್ ಮರಿ!" ಎಂದು ಬೆನ್ನು ತಟ್ಟಿ ಡಾಕ್ಟರು ಕಾಯುತ್ತಿದ್ದ ರೋಗಿಯತ್ತ ನಡೆದರು. ತಡೆಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟು ಅವನು ಕುರ್ಚಿಗೆ ಕುಸಿದ.

ವುಲಾನ್ ಬಗ್ಗಿ ಪಿಸುಗುಟ್ಟಿದಳು: "ನಿನ್ನೆ ಪದ ಸರಿಯಿದ್ಯಾ ನೋಡು ಅಂತ ಕೊಟ್ಟಿದ್ಯಲ್ಲ ಹೀರೋ, ಆಗ್ಲೇ ನಿನ್ನ ಡೈಲಾಗೆಲ್ಲಾ ಕಿತ್ತಾಕಿ ನಮ್ಮ ಭಾಷೇಲಿ ಸರಿಯಾದ ಪದ ಬರೆದೆ. ಅದಕ್ಕೂ ಮುಂಚೆ ಒಂದ್ಸಲ ಡಾಕ್ಟ್ರ ಅಮ್ಮ ಇದಾರಲ್ಲ, ಆ ಅಜ್ಜಿಗೆ ಆಕ್ಟಿಂಗ್ ಮಾಡಿ ತೋರಿಸ್ದೆ. ನಕ್ಕೂ ನಕ್ಕೂ ಅವರ ಹಲ್ಸೆಟ್ಟೇ ಕೆಳಗೆ ಬಿತ್ತು!"