ಚಿತ್ರದಲ್ಲಿ ನಾಲ್ವರು

ಕಂಪ್ಯೂಟರಿನ ತೆರೆಯ ಮೇಲೆ ಒಂದು ಕೋಣೆ ನಿಶ್ಚಲವಾಗಿತ್ತು. ನಡುವೆ ಬೆತ್ತದ ಕುರ್ಚಿ. ಅದರಲ್ಲಿ ಮುದುಕ ಎನ್ಸಿಯಾ, ಒಂದು ಭುಜ ಬಿಟ್ಟು ಹೊದ್ದ ನೀಲಿ ವಸ್ತ್ರದಲ್ಲಿ. ಅವನ ಕಾಲ ಬಳಿ ಮಣೆಯ ಮೇಲೆ ಹೆಂಡತಿ ಬಿರಾಗೊ. ಗೋಡೆಗೊರಗಿ ಅವಳ ಇಬ್ಬರು ತಮ್ಮಂದಿರು. ಮೇಜಿನ ಮೇಲೆ ಮುಚ್ಚಳ ತೆಗೆದ ಜಿನ್ ಸೀಸೆ. ಮುದುಕನ ಬಲಗೈ ಮುಂದಕ್ಕೆ ಚಾಚಿತ್ತು; ಬೆರಳುಗಳ ನಡುವೆ ಒಂದು ಪುಟ್ಟ ಲೋಟ, ನೋಡುವವರಿಗೇ ನೀಡುತ್ತಿರುವಂತೆ. ಕಿಟಕಿಯ ಬೆಳಕು ಲೋಟದ ಅಂಚಿನಲ್ಲಿ ಒಂದು ಗೆರೆಯಾಗಿ ನಿಂತಿತ್ತು. ಇಡೀ ಕೋಣೆ ಎಡಕ್ಕೆ ವಾಲಿತ್ತು.

ನಾಲ್ಕು ತಿಂಗಳ ಹಿಂದಿನ ವಿಡಿಯೊ ಚಿತ್ರ, ನಡುವೆಯೇ ನಿಂತುಹೋದದ್ದು. ಎನ್ಸಿಯಾ ಸತ್ತು ಇಂದಿಗೆ ನಲವತ್ತು ದಿನ.

"ಎಣಿಸಿ ಹಿರೀಕ್ರೇ," ಎಂದಳು ಸತ್ತವನ ತಂಗಿ ಪೊಕುವಾ. "ನಾಲ್ಕು ತಲೆ. ಒಂದು ಅಣ್ಣಂದು. ಮಿಕ್ಕ ಮೂರೂ ಈ ಮನೆಮುರುಕಿ ಕಡೇವು. ನಮ್ಮವರು ಒಬ್ಬರಾದ್ರೂ ಇದ್ದಾರಾ?"

ಕುಲದ ಹಿರಿಯ ಅಡ್ಡಾಯಿ ಕನ್ನಡಕ ಏರಿಸಿಕೊಂಡು ಎಣಿಸಿದ. ಕುಮಾಸಿ ನಗರದ ಈ ಇಕ್ಕಟ್ಟಿನ ಕ್ಯಾಮೆರಾ ರಿಪೇರಿ ಅಂಗಡಿಗೆ ಅವನನ್ನು ಕರೆತಂದದ್ದೇ ಇದಕ್ಕೆ. ಎನ್ಸಿಯಾ ಕಟ್ಟಿಸಿದ ಮನೆಯನ್ನು ಅವನು ಬದುಕಿದ್ದಾಗಲೇ ತನಗೆ ಕೊಟ್ಟನೆಂದು ಬಿರಾಗೊ ಹೇಳುತ್ತಿದ್ದಳು. ಹೇಳಿದರೆ ಸಾಲದು. ಪಡೆದವಳು ಕೃತಜ್ಞತೆಯ ಪಾನ ಇಟ್ಟಿರಬೇಕು. ಕೊಟ್ಟವನ ತಾಯಿಯ ಕುಲದವರೊಬ್ಬರು ಅದನ್ನು ಕುಡಿದಿರಬೇಕು. ಕುಡಿದ ಬಾಯಿಯೇ ಸಾಕ್ಷಿ. ಅಂಥ ಬಾಯಿ ಇಲ್ಲವಾದರೆ ಕುಲದ ಕಟ್ಟಳೆಯಂತೆ ಮನೆ ತಂಗಿಯ ಮಗನಿಗೆ.

ತಂಗಿಯ ಮಗ ಓಸೆಯಿ ಮೇಜಿಗೊರಗಿ ನಿಂತು ಹೊಸ ಬೀಗವೊಂದನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದ.

"ಯಾವ ಕುಡುಕ ತೆಗೆದನೋ ಇದನ್ನ! ಮನೇನೇ ಬೀಳ್ತಿದೆ."

"ಇವಳ ಚರ್ಚಿನವನು ಯಾವನೋ ಇರ್ಬೇಕು," ಎಂದಳು ಪೊಕುವಾ.

"ಅತ್ತೆ," ಓಸೆಯಿ ಬಿರಾಗೊಳತ್ತ ತಿರುಗಿದ. "ಗಂಟುಮೂಟೆ ಕಟ್ಟಿದ್ದೀರಾ? ಇಲ್ಲ ನಾನೇ ತಂದು ಬೀದೀಲಿ ಇಡ್ಲಾ?"

ಬಿರಾಗೊ ಕಪ್ಪು ಬಟ್ಟೆಯಲ್ಲಿ ತಲೆ ತಗ್ಗಿಸಿಯೇ ಕುಳಿತಿದ್ದಳು. "ನಿಮ್ಮ ಕುಲದವರು ಒಬ್ಬರು ಕುಡಿದಿದ್ದಾರೆ."

"ಯಾರು? ಹೆಸರು ಹೇಳಿ," ಎಂದ ಓಸೆಯಿ.

"ಕುಡಿದವರೇ ಹೇಳ್ಲಿ. ನಾನು ಹೇಳಿದ್ರೆ ಮನೆ ಆಸೆಗೆ ಹೇಳ್ದೆ ಅಂತೀರಿ."

"ಕೇಳಿದ್ರಾ? ಮುಖ ಇಲ್ಲ, ಹೆಸರಿಲ್ಲ. ದೆವ್ವ ಬಂದು ಕುಡೀತೇನೋ!" ಪೊಕುವಾ ನಕ್ಕಳು. ನಗು ಬೇಗ ಮುಗಿಯಿತು. "ಏಳಿ ಹಿರೀಕ್ರೇ. ನೋಡಿದ್ದಾಯ್ತಲ್ಲ. ಸತ್ತ ಕ್ಯಾಮೆರಾ ಪೆಟ್ಟಿಗೇನ ಎಬ್ಬಿಸಿ ಏನು ಮಾಡೋದಿದೆ?"

"ಸತ್ತಿಲ್ಲಮ್ಮ," ಎಂದ ಅಂಗಡಿಯ ಎಬೊ, ಕೀಲಿಮಣೆಯಿಂದ ಕಣ್ಣೆತ್ತದೆ. "ತೆಗೀತಿರುವಾಗಲೇ ಬ್ಯಾಟರಿ ಖಾಲಿಯಾಗಿದೆ. ಫೈಲಿಗೆ ಕೊನೇ ಗಂಟು ಬಿದ್ದಿಲ್ಲ. ಅದಕ್ಕೇ ಇಲ್ಲೀವರೆಗೆ ಕುಂಟ್ಕೊಂಡು ಬಂದು ನಿಲ್ಲುತ್ತೆ, ಸದ್ದೂ ಬರಲ್ಲ. ಇದೇ ಕ್ಯಾಮೆರಾದಲ್ಲಿ ಹೊಸದಾಗಿ ಒಂದು ನಿಮಿಷ ತೆಗೆದುಕೊಡಿ. ಆ ಅಳತೆ ಇಟ್ಟು ಇದನ್ನ ಹೊಲೀತೀನಿ."

"ಬೇಡ. ಯಾರ ಬಾಯಿಗೆ ಯಾವ ಮಾತು ಹೊಲೀತಾನೋ."

"ಹೊಲೀಲಿ ಬಿಡಮ್ಮ!" ಓಸೆಯಿ ಬೀಗವನ್ನು ಮೇಲಕ್ಕೆಸೆದು ಹಿಡಿದ. "ಮಾವನ ಬಾಯಿಂದಾನೇ ಕೇಳಿಸಿ ಕಳಿಸೋಣ. ನಾಳೆ ಊರೆಲ್ಲ ಅತ್ಕೊಂಡು ತಿರುಗೋಕೆ ಅತ್ತೆಗೆ ಒಂದು ನೆಪಾನೂ ಉಳೀಬಾರ್ದು."

ಅಡ್ಡಾಯಿ ತಲೆಯಾಡಿಸಿದ. ಅವನ ತಲೆಯಾಡಿದ ಮೇಲೆ ಮಾತಿಲ್ಲ.

ಎಬೊ ಕ್ಯಾಮೆರಾಕ್ಕೆ ವಿದ್ಯುತ್ ತಂತಿ ಸಿಕ್ಕಿಸಿ ಓಸೆಯಿಯ ಕೈಗೆ ಕೊಟ್ಟ. ಓಸೆಯಿ ಅದನ್ನು ತಿರುವಿ ಮುರುವಿ ನೋಡಿದ. ಕಂಡ ಗುಂಡಿಗಳನ್ನೆಲ್ಲ ಒತ್ತಿದ. ಅದು ಕಲ್ಲಿನಂತೆ ಸುಮ್ಮನಿತ್ತು. ಅಂಗೈಗೆ ಕುಟ್ಟಿದ.

"ಒಡೆದು ಹಾಕ್ತೀಯಾ, ಸುತ್ತಿಗೆ ಕೈಯೋನೇ!" ಪೊಕುವಾ ಗದರಿ ಕಿತ್ತುಕೊಂಡಳು. ಪಕ್ಕದಲ್ಲಿ ಮಡಚಿದ್ದ ಪುಟ್ಟ ತೆರೆಯ ರೆಕ್ಕೆಯನ್ನು ಹೆಬ್ಬೆರಳಿನಿಂದ ಬಿಚ್ಚಿದಳು. ಕೆಂಪು ಚುಕ್ಕೆ ಹೊತ್ತಿಕೊಂಡಿತು.

ಬಿರಾಗೊ ಮೊದಲ ಸಲ ತಲೆಯೆತ್ತಿದಳು. ಪೊಕುವಾ ಆ ಪೆಟ್ಟಿಗೆಯನ್ನು ಬಿಸಿ ಪಾತ್ರೆಯಂತೆ ಮೇಜಿನ ಮೇಲಿಟ್ಟಳು.

ಎಬೊ ಒಂದು ನಿಮಿಷ ಗೋಡೆಯ ಗಡಿಯಾರವನ್ನು ಚಿತ್ರೀಕರಿಸಿದ. ಆಮೇಲೆ ತೆರೆಯ ತಳದಲ್ಲಿ ಒಂದು ಹಸಿರು ಪಟ್ಟಿ ಮೂಡಿ ಬಲಕ್ಕೆ ತೆವಳತೊಡಗಿತು. ಹೊರಗೆ ಟ್ಯಾಕ್ಸಿಗಳು ಒಂದನ್ನೊಂದು ಬೈಯುತ್ತಿದ್ದವು. ಒಳಗೆ ಫ್ಯಾನು ಬಿಸಿಗಾಳಿಯನ್ನೇ ಹಂಚುತ್ತಿತ್ತು. ಪಟ್ಟಿ ಅರ್ಧ ದಾಟಿತು.

"ಅಕ್ಕ," ಎಂದಳು ಬಿರಾಗೊ, ಮೆಲ್ಲಗೆ. "ಇನ್ನೂ ಹೊತ್ತಿದೆ."

"ಯಾತಕ್ಕೆ? ನಿನ್ನ ಗಂಟು ಕಟ್ಟೋಕಾ? ಇದೆ, ಇದೆ."

"ಹಾಗೇ ಆಗ್ಲಿ ಅಕ್ಕ."

ಓಸೆಯಿ ನಕ್ಕ. ಪೊಕುವಾ ಈ ಸಲ ನಗಲಿಲ್ಲ. ಸೆರಗಿನಂತೆ ಹೊದ್ದ ಕೆಂಪು ಬಟ್ಟೆಯನ್ನು ಭುಜದ ಮೇಲೆ ಎಳೆದುಕೊಂಡಳು. ಕೈಚೀಲವನ್ನು ಎತ್ತಿಕೊಂಡಳು.

ಪಟ್ಟಿ ತುಂಬಿತು. ಎಬೊ ಗುಂಡಿ ಒತ್ತಿದ.

ಸತ್ತವನ ಕೆಮ್ಮು ಅಂಗಡಿಯನ್ನು ತುಂಬಿತು. ಅಡ್ಡಾಯಿ ಅರಿವಿಲ್ಲದೆ ಎದ್ದು ನಿಂತ. ಲೋಟದ ಅಂಚಿನ ಬೆಳಕು ನಡುಗಿತು. ಲೋಟ ಹತ್ತಿರ ಬಂತು, ಇನ್ನೂ ಹತ್ತಿರ, ತೆರೆಯನ್ನೆಲ್ಲ ತುಂಬುವಷ್ಟು. ಆಗ ಚಿತ್ರದ ಬಲತುದಿಯಿಂದ, ಚಿತ್ರದ ಈಚೆಯಿಂದ, ಬಳೆ ತೊಟ್ಟ ಕೈಯೊಂದು ಒಳಗೆ ಚಾಚಿ ಅದನ್ನು ತೆಗೆದುಕೊಂಡಿತು. ಕೋಣೆ ಮತ್ತಷ್ಟು ವಾಲಿತು.

"ಆ ಪೆಟ್ಟಿಗೇನ ಒಂದೇ ಕೈಯಲ್ಲಿ ಹಿಡಿದಿದ್ದೀಯ, ಬೀಳಿಸಬೇಡ," ಎಂದ ಎನ್ಸಿಯಾ. "ಹೂಂ, ಕುಡಿ. ಈಗ ಹೇಳು, ಮನೆ ಯಾರದು?"

ಓಸೆಯಿಯ ಬೆರಳಿನಲ್ಲಿ ಬೀಗ ನಿಂತಿತು.

"ಕುಡಿದೆ ಅಣ್ಣ. ಮನೆ ಬಿರಾಗೊಂದು," ಎಂದಿತು ಕ್ಯಾಮೆರಾದ ಹಿಂದಿನಿಂದ ಪೊಕುವಾಳ ದನಿ, ಅಷ್ಟರಲ್ಲಿ ಅಂಗಡಿಯ ಬಾಗಿಲು ಅವಳ ಬೆನ್ನ ಹಿಂದೆ ಮುಚ್ಚಿಕೊಂಡಿತ್ತು.