ಎಣ್ಣೆ ಬಿಡುವವನ ಸೊಸೆ

ಯಶೋಧಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅದರ ತುದಿ ಹಾರಿ ಯಂತ್ರದ ಬೆಲ್ಟಿಗೆ ಸಿಕ್ಕಿತು. ಪಕ್ಕದಲ್ಲಿ ಹತ್ತಿ ಹಾಕುತ್ತಿದ್ದ ಮೌಲಾಬಿ ಅವಳ ತೋಳು ಹಿಡಿದು ಹಿಂದಕ್ಕೆ ಜಗ್ಗದಿದ್ದರೆ ಸೆರಗಿನ ಬೆನ್ನಿಗೆ ಕೊರಳೂ ಹೋಗುತ್ತಿತ್ತು. ಪರ್ರನೆ ಹರಿದ ಸೀರೆಯ ಚೂರು ಬೆಲ್ಟಿನ ಜತೆ ಸುತ್ತತೊಡಗಿತು. ಎದುರಿಗೆ ಎಣ್ಣೆಯ ಡಬ್ಬಿ ಹಿಡಿದು ಬರುತ್ತಿದ್ದ ಅವಳ ಮಾವ ದುಂಡಪ್ಪ ನಿಂತಲ್ಲೇ ನಿಂತುಬಿಟ್ಟ.

ಬೈಲಹೊಂಗಲದ ಆ ಹತ್ತಿ ಗಿರಣಿಯಲ್ಲಿ ದುಂಡಪ್ಪ ಕಾಯಂ ನೌಕರ. ಯಂತ್ರದಿಂದ ಯಂತ್ರಕ್ಕೆ ಎಣ್ಣೆ ಬಿಡುತ್ತ ತಿರುಗುವುದು ಅವನ ಕೆಲಸ. ಸೊಸೆ ಗುತ್ತಿಗೆಯವಳು. ಕಾಯಂ ಮಂದಿಗೆ ಗಿರಣಿಯವರು ಖಾಕಿ ಕೋಟು ಕೊಡುತ್ತಾರೆ. ಗುತ್ತಿಗೆ ಹೆಂಗಸರಿಗೆ ಗುತ್ತಿಗೆದಾರನೇ ಕೊಡಬೇಕೆಂದು ಮ್ಯಾನೇಜರ ಅನ್ನುತ್ತಾನೆ. ಗಿರಣಿಯೇ ಕೊಡಬೇಕೆಂದು ಗುತ್ತಿಗೆದಾರ ಮಲ್ಲಿಕಾರ್ಜುನ ಅನ್ನುತ್ತಾನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. 'ಸಡಿಲ ಉಡುಪು ಅಪಾಯ' ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದಾರೆ, ಅದರ ಕೆಳಗೇ ಹೆಂಗಸರು ಸೀರೆಯಲ್ಲಿ ದುಡಿಯುತ್ತಾರೆ. ಓಡಿಬಂದ ಮಲ್ಲಿಕಾರ್ಜುನ ಅಂದೂ ಕೋಟಿನ ಮಾತೆತ್ತಲಿಲ್ಲ. ಇನ್ನೊಮ್ಮೆ ಹೀಗಾದರೆ ಕೆಲಸಕ್ಕೆ ಬರುವುದೇ ಬೇಡವೆಂದು ಯಶೋಧಾಳನ್ನೇ ಗದರಿಸಿ ಹೋದ.

ಸೆರಗು ಯಾಕೆ ಮೇಲೇರಿತು ಎಂಬುದು ದುಂಡಪ್ಪನಿಗೆ ಗೊತ್ತಿತ್ತು. ಮಾವ ಕಂಡರೆ ಸೊಸೆ ತಲೆ ಮುಚ್ಚಿಕೊಳ್ಳಬೇಕು. ಅವನ ಮನೆಯಲ್ಲಿ ಅದು ಹಿಂದಿನಿಂದ ಬಂದ ರೀತಿ. ಅದಕ್ಕೇ ಅವನೂ ಹೊಸ್ತಿಲ ಆಚೆಯೇ ಕೆಮ್ಮಿ ಒಳಗೆ ಬರುವವನು. ಅವರಿಬ್ಬರು ನೇರವಾಗಿ ಮಾತಾಡಿದ್ದೂ ಇಲ್ಲ. ಒಂದೇ ಕೋಣೆಯಲ್ಲಿದ್ದರೂ ಇವನ ಮಾತು ಅವಳಿಗೆ, ಅವಳ ಮಾತು ಇವನಿಗೆ ಹೆಂಡತಿ ಪದ್ಮವ್ವನ ಮೂಲಕವೇ ಮುಟ್ಟಬೇಕು.

ಅಂದು ಸಂಜೆಯೂ ದುಂಡಪ್ಪ ತಾಟಿನ ಮುಂದೆ ಕುಳಿತು ಗೋಡೆ ನೋಡುತ್ತ ಹೆಂಡತಿಗೆ ಹೇಳಿದ, "ಮಷೀನಿನ ಮುಂದ ಯಾಕ ಸೆರಗ ಎಳಕೊಂಡಿ ಅಂತ ಕೇಳ ಆಕಿನ್ನ."

ಒಲೆಯ ಮುಂದಿದ್ದ ಯಶೋಧಾ ಅತ್ತೆಗೆ ಉತ್ತರ ಕೊಟ್ಟಳು. "ನಾ ಎಳಕೊಳ್ಳೂದಿಲ್ರಿ ಅತ್ತಿ. ಮಾವಾರು ಬರೂದು ಕಂಡ್ರ ಕೈ ತಾನ ಮ್ಯಾಲೆ ಹೋಗತೈತಿ."

ದುಂಡಪ್ಪ ಮುರಿದ ರೊಟ್ಟಿಯನ್ನು ತಾಟಿಗೇ ಹಾಕಿದ. ಸೊಸೆ ಬಲು ಮರ್ಯಾದಸ್ಥೆ ಎಂದು ಓಣಿಯ ತುಂಬ ಹೇಳಿಕೊಂಡು ಬಂದವನು ಅವನು. ಆ ಮರ್ಯಾದೆಯೇ ಈಗ ಮಗಳಂಥ ಹುಡುಗಿಯನ್ನು ನುಂಗಲು ಬಂದಿತ್ತು. ಎದ್ದು ಹೋಗಿ ಟ್ರಂಕಿನಲ್ಲಿದ್ದ ತನ್ನ ಹೊಸ ಖಾಕಿ ಕೋಟನ್ನು ತೆಗೆದು ಹೆಂಡತಿಯ ಮುಂದಿಟ್ಟ. ಪದ್ಮವ್ವ ಸೂಜಿದಾರ ತಂದಳು. ಸೊಸೆಯನ್ನು ಕರೆದು ಅಳತೆ ನೋಡಿ, ತೋಳನ್ನು ಮಡಚಿ ಹೊಲಿದುಕೊಟ್ಟಳು.

ಮರುದಿನ ಯಶೋಧಾ ಸೆರಗನ್ನು ಒಳಗೆ ಸಿಕ್ಕಿಸಿ, ಕೋಟಿನ ಗುಂಡಿ ಹಾಕಿಕೊಂಡು ಕೆಲಸಕ್ಕೆ ನಿಂತಳು. ಮಾವನ ಕೋಟು ತೊಟ್ಟ ಸೊಸೆಯನ್ನು ಗಿರಣಿ ಎಂದೂ ಕಂಡಿರಲಿಲ್ಲ. ಫೌಜುದಾರ ಬಂದ ಎಂದು ಮೌಲಾಬಿ ಕಾಡಿಸಿದಳು, ಹೆಂಗಸರೆಲ್ಲ ನಕ್ಕರು. ಇನ್ನು ಭಯವಿಲ್ಲ ಎಂದುಕೊಂಡು ದುಂಡಪ್ಪ ಎಣ್ಣೆ ಡಬ್ಬಿ ಹಿಡಿದು ಆ ಸಾಲಿಗೆ ಬಂದ. ಅವನನ್ನು ಕಂಡದ್ದೇ ಯಶೋಧಾಳ ಕೈ ಹೆಗಲಿಗೆ ಹೋಯಿತು. ಅಲ್ಲಿ ಸೆರಗಿರಲಿಲ್ಲ. ನಾಚಿ ಗಾಬರಿಯಾಗಿ ಮುಖವನ್ನು ಅತ್ತ ತಿರುಗಿಸಿದಳು. ಇನ್ನೊಂದು ಕೈ ಮಾತ್ರ ಯಂತ್ರದ ಬಾಯಿಯ ಹತ್ತಿರವೇ ಉಳಿಯಿತು. ಕೂದಲೆಳೆಯ ಅಂತರದಲ್ಲಿ ಬೆರಳು ಉಳಿದವು.

ದುಂಡಪ್ಪ ದಾಪುಗಾಲು ಹಾಕಿ ಹೋಗಿ ಮುಖ್ಯ ಸ್ವಿಚ್ಚು ಒತ್ತಿದ. ಇಡೀ ಗಿರಣಿ ಸುಮ್ಮನಾಯಿತು. ಯಾರನ್ನು ಕೇಳಿ ಬಂದ್ ಮಾಡಿದಿ ಎನ್ನುತ್ತ ಬಂದ ಮಲ್ಲಿಕಾರ್ಜುನನತ್ತ ಅವನು ತಿರುಗಿಯೂ ನೋಡಲಿಲ್ಲ. ಎಲ್ಲರೂ ನೋಡುತ್ತಿರುವಾಗ ಸೀದಾ ಸೊಸೆಯ ಎದುರು ಬಂದು ನಿಂತ. ಮಾತು ಶುರು ಮಾಡುವುದು ಹೇಗೆಂದು ತಿಳಿಯದೆ, ರೂಢಿಯಂತೆ ಒಮ್ಮೆ ಕೆಮ್ಮಿದ.

"ಯವ್ವಾ, ಮನ್ಯಾಗ ನಾ ನಿನ್ನ ಮಾವ. ಇಲ್ಲೆ ಎಣ್ಣಿ ಬಿಡಾಂವ. ಎಣ್ಣಿ ಬಿಡಾಂವನ್ನ ನೋಡಿ ಯಾರರ ತಲಿ ಮುಚ್ಕೋತಾರೇನು?"

ಯಶೋಧಾ ತಲೆ ಎತ್ತಲಿಲ್ಲ. "ಮಂದಿ ಏನಂತಾರ್ರಿ?" ಎಂದಳು. ಅವಳು ನಡುವೆ ಯಾರನ್ನೂ ಇಟ್ಟುಕೊಳ್ಳದೆ ಮಾವನಿಗೆ ಆಡಿದ ಮೊದಲ ಮಾತು ಅದು.

"ಅನ್ಲಿ ಬಿಡು. ಹ್ವಾದ ಕೈ ಮಂದಿ ತಂದ ಕೊಡತಾರೇನು?" ದುಂಡಪ್ಪ ಎಣ್ಣೆ ಡಬ್ಬಿಯನ್ನು ಕೆಳಗಿಟ್ಟ. "ನನಗ ನಿನ್ನ ಮರ್ಯಾದಿ ಬ್ಯಾಡವ್ವಾ. ನೀ ಬೇಕು."

ಯಂತ್ರ ಮತ್ತೆ ಶುರುವಾಯಿತು. ದುಂಡಪ್ಪ ಒಂದು ಸುತ್ತು ಹಾಕಿ, ಕೆಲಸವಿಲ್ಲದಿದ್ದರೂ ಬೇಕೆಂತಲೇ ಸೊಸೆಯ ಮುಂದಿನಿಂದ ಹಾಯ್ದ. ಅವಳ ಕೈ ಅರ್ಧ ಮೇಲೆದ್ದಿತು. ಅಲ್ಲೇ ತಡೆದು, ಇಳಿದು, ಹತ್ತಿಯ ರಾಶಿಗೆ ಮರಳಿತು. ಅವಳು ಮಾವನ ಮುಖವನ್ನು ನೇರವಾಗಿ ನೋಡಿದಳು. ಸೊಸೆ ಎದುರಿಗೆ ಬರಿದಲೆಯಲ್ಲಿ ನಿಂತಳೆಂದು ಇಷ್ಟು ಹಿಗ್ಗಿದ ಮಾವ ಬೈಲಹೊಂಗಲ ಸೀಮೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.