ಕುಂಕುಮ ಹಚ್ಚಿದ ಲೈಸೆನ್ಸು

"ಹಳೇ ಕಂಪ್ಯೂಟರಿನ ವಿಂಡೋಸ್ ಲೈಸೆನ್ಸನ್ನ ಈ ಹೊಸದಕ್ಕೆ ಹಾಕ್ಕೊಡಿ ನಂಜುಂಡಣ್ಣ," ಎಂದರು ಟೈಪಿಂಗ್ ಅಂಗಡಿಯ ಜಯಶೀಲಮ್ಮ. "ಒರಿಜಿನಲ್ಲು ಅಂತ ಸ್ಟಿಕ್ಕರ್ ಅಂಟಿಸಿ ಮಾರಿದ್ದು ನೀವೇ ಅಲ್ವಾ?"

ಹಳೇ ಕಂಪ್ಯೂಟರಿನ ಡಬ್ಬದ ಮೇಲೆ ಕಣ್ಣು ಬಿದ್ದಾಗಲೇ ನಂಜುಂಡಣ್ಣನಿಗೆ ಹೋದ ಜೀವ ಬಂದದ್ದು. ವರ್ಷವರ್ಷದ ಆಯುಧಪೂಜೆಯ ಅರಿಸಿನ ಕುಂಕುಮ ಮೆತ್ತಿಕೊಂಡು ಸ್ಟಿಕ್ಕರಿನ ಒಂದಕ್ಷರವೂ ಕಾಣುತ್ತಿರಲಿಲ್ಲ.

"ಛೇ, ನಂಬರೇ ಮುಚ್ಚಿಹೋಗಿದೆಯಲ್ಲಮ್ಮ! ಇನ್ನು ಹೊಸ ಲೈಸೆನ್ಸೇ ಗತಿ."

"ಒರೆಸಿದರಾಯ್ತು," ಎಂದು ಜಯಶೀಲಮ್ಮ ಒದ್ದೆಬಟ್ಟೆ ತಂದರು.

"ಅಯ್ಯೋ ಬೇಡಮ್ಮ, ಪೂಜೆ ಮಾಡಿದ್ದನ್ನ ಒರೆಸಬಾರದು!"

ಜಯಶೀಲಮ್ಮ ಕಂಪ್ಯೂಟರಿಗೊಮ್ಮೆ ಕೈಮುಗಿದು ಒರೆಸಿಯೇಬಿಟ್ಟರು. ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿ ತಲೆಯೆತ್ತಿದರು.

"ಈ ಮಿಕ್ಸಿ ಜೊತೆ ಮೂರು ಜಾರು ಬರುತ್ತಂತೆ. ಎಲ್ಲಿ ನಂಜುಂಡಣ್ಣ?"